ಐಟಿಐ ಯಂತ್ರಗಳು ಸಂಜೆ ನಮಗೂ ಸಿಗಲಿ

ಮಾನ್ಯರೇ,

ನಾನು ರಾಣೆಬೆನ್ನೂರಿನಲ್ಲಿ ಬಿತ್ತನೆ ಕೂರಿಗೆ ತಯಾರಿಸುವವನು. ಕೂರಿಗೆಯಲ್ಲಿ ಕಾಳುಗಳನ್ನು ಒಂದೊಂದಾಗಿ ಬೀಳಿಸುವ ತೂತಿನ ಬಿಲ್ಲೆ ಮೆಕ್ಕೆಜೋಳಕ್ಕೊಂದು, ಶೇಂಗಾಕ್ಕೊಂದು ಬೇಕು. ತೂತು ತುಸು ದೊಡ್ಡದಾದರೂ ಒಂದೇ ಕಡೆ ಎರಡೆರಡು ಕಾಳು ಬೀಳುತ್ತವೆ. ಬರೀ ಪರೀಕ್ಷೆಗೆಂದು ಅಚ್ಚು ಮಾಡಿಸುವ ಶಕ್ತಿ ನಮ್ಮಂಥವರಿಗೆಲ್ಲಿದೆ? ಹತ್ತಾರು ಜನ ಸೇರಿ ಬಳಸುವ ಕಾರ್ಯಾಗಾರವಿದ್ದರೆ ತ್ರೀಡಿ ಪ್ರಿಂಟರ್‌ನಲ್ಲಿ ರಾತ್ರಿ ಬಿಲ್ಲೆ ತೆಗೆದು ಬೆಳಿಗ್ಗೆ ಹೊಲದಲ್ಲೇ ನೋಡಬಹುದು. ಪಕ್ಕದ ಮೇಜಿನಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬಲ್ಲವರಿದ್ದರಂತೂ ಇನ್ನೂ ಒಳ್ಳೆಯದು.

ಕಾರ್ಡ್ ಉಜ್ಜಿ ಹಣ ಪಡೆಯುವ ‘ಸ್ಕ್ವೇರ್’ ಸಾಧನದ ಆರಂಭದ ಮಾದರಿಗಳು ಸಿದ್ಧವಾದದ್ದು ಕ್ಯಾಲಿಫೋರ್ನಿಯಾದ ಟೆಕ್‌ಶಾಪ್‌ ಎಂಬ ಇಂಥದ್ದೇ ಜಾಗದಲ್ಲಿ. ಆ ಟೆಕ್‌ಶಾಪ್ 2017ರಲ್ಲಿ ದಿವಾಳಿಯಾಗಿ ಮುಚ್ಚಿತು. ಸದಸ್ಯತ್ವದ ಹಣವನ್ನೇ ನಂಬಿ ಇವನ್ನು ನಡೆಸುವುದು ಕಷ್ಟವೆಂದೇ ನನ್ನ ಅನಿಸಿಕೆ. ಆದ್ದರಿಂದ ಸರ್ಕಾರ ತಾಲ್ಲೂಕಿನ ಐಟಿಐ ಯಂತ್ರಗಳನ್ನು ಸಂಜೆ ಹೊತ್ತು ಬಾಡಿಗೆಗೆ ಬಿಡಲಿ. ಮೇಲ್ವಿಚಾರಕರ ಸಂಬಳಕ್ಕೆ ನಾವೂ ಪಾಲು ಕೊಡುತ್ತೇವೆ.

– ಕೂರಿಗೆ ತಯಾರಕ, ರಾಣೆಬೆನ್ನೂರು