ಬೋರಿವಲಿ ಕಾಡಿಗೆ ಸೈಕಲ್ ಇಳಿಸುವ ಮುನ್ನ

ಪ್ರಿಯ ಗೆಳೆಯ,

ಡೊಂಬಿವಲಿಯ ನಮ್ಮ ಕನ್ನಡಿಗರನ್ನೆಲ್ಲ ಸೇರಿಸಿ ರಾಷ್ಟ್ರೀಯ ಉದ್ಯಾನಗಳನ್ನು ನಡೆದು, ಸೈಕಲ್ ತುಳಿದು ನೋಡಬೇಕೆಂದು ನೀನು ಕಳಿಸಿದ ಪಟ್ಟಿ ಸಿಕ್ಕಿತು. ಪಟ್ಟಿಯೇನೋ ಸೊಗಸಾಗಿದೆ. ಆದರೆ ಹುಲಿ ಕಾಡುಗಳಾದ ತಾಡೋಬಾ, ಪೇಂಚ್ ಎರಡನ್ನೂ ಈಗಲೇ ಹೊಡೆದುಹಾಕು. ಅಲ್ಲಿ ಪ್ರವಾಸಿಗರು ಒಳಗೆ ಹೋಗುವುದು ಗೈಡ್ ಜೊತೆ, ಜಿಪ್ಸಿ ಜೀಪಿನಲ್ಲೋ ಕ್ಯಾಂಟರ್ ಬಸ್ಸಿನಲ್ಲೋ. ನಡುದಾರಿಯಲ್ಲಿ ಇಳಿಯುವಂತಿಲ್ಲ, ಇನ್ನು ಸೈಕಲ್ ಮಾತೆಲ್ಲಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡಲು ಅನುಮತಿ ಬೇಕು, ಆ ಅನುಮತಿ ಯಾವ ದಾರಿಗೆ ಕೊಟ್ಟಿದೆಯೋ ಆ ದಾರಿಗಷ್ಟೇ. ಫೋನಿನ ನಕಾಶೆಯಲ್ಲಿ ಚುಕ್ಕೆಗೆರೆ ಕಂಡಿತೆಂದು ಹೊರಡುವವರು ಎಡವುವುದೇ ಇಲ್ಲಿ. ಆ ಗೆರೆ ಅರಣ್ಯ ರಕ್ಷಕರ ಗಸ್ತಿನ ಹಾದಿಯಾಗಿರಬಹುದು.

ಹಾಗಾಗಿ ಶುರು ಮಾಡುವುದಾದರೆ ಬೋರಿವಲಿಯಿಂದಲೇ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನ ಕಾಡು. ಮುಂಬೈಗೆ ನೀರು ಕೊಡುವ ತುಳಸಿ, ವಿಹಾರ್ ಕೆರೆಗಳು ಇದರೊಳಗೇ ಇವೆ. ಗೇಟಿನಿಂದ ಕನ್ಹೇರಿ ಗುಹೆಗಳವರೆಗೆ ಆರು ಕಿಲೋಮೀಟರಿನಷ್ಟು ಡಾಂಬರು ರಸ್ತೆ. ಸೈಕಲ್ಲೂ ಕಾಲ್ನಡಿಗೆಯೂ ಒಂದೇ ಬೆಳಗ್ಗೆ ಆಗುವ ಇಂಥ ಜಾಗ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ.

ಲೋಕಲ್‌ನಲ್ಲಿ ಸೈಕಲ್ ತರುವ ಯೋಚನೆ ಬಿಡು. ಬೋರಿವಲಿ ಪೂರ್ವಕ್ಕೆ ಇಳಿದರೆ ಗೇಟು ನಡೆದು ಹೋಗುವಷ್ಟೇ ದೂರ. ಅಂಧೇರಿ ಕಡೆಯಿಂದ ಬರುವವರಿಗೆ ಮೆಟ್ರೋ 7ನೇ ಮಾರ್ಗದಲ್ಲಿ ‘ರಾಷ್ಟ್ರೀಯ ಉದ್ಯಾನ’ ಎಂಬ ನಿಲ್ದಾಣವೇ ಇದೆ. ಸೈಕಲ್ ಒಳಗೆ ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಸೈಕಲ್ ಎಂದಮೇಲೆ ಹಣ ಕೊಡುವ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ. ಎರಡೂ ಬ್ರೇಕ್ ಲಿವರ್ ಪೂರ್ತಿ ಒತ್ತು. ಹ್ಯಾಂಡಲ್‌ಗೆ ತಾಗಿದರೆ ಕೇಬಲ್ ಸಡಿಲ ಅಥವಾ ಬ್ರೇಕ್ ರಬ್ಬರ್ ಸವೆದಿದೆ, ಬೇರೆ ಸೈಕಲ್ ಕೇಳು. ಮುಂದಿನ ಚಕ್ರ ಎತ್ತಿ ತಿರುಗಿಸಿ ರಿಮ್ ಓಲಾಡುತ್ತದೆಯೇ ನೋಡು. ಟೈರನ್ನು ಹೆಬ್ಬೆರಳಿಂದ ಜೋರಾಗಿ ಒತ್ತಿದಾಗ ಚೂರೇ ತಗ್ಗಬೇಕು. ಆಮೇಲೆ ಸೀಟು: ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗಬೇಕು. ನಮ್ಮವರಲ್ಲಿ ಹೆಚ್ಚಿನವರು ನೆಲಕ್ಕೆ ಪಾದ ಪೂರ್ತಿ ಊರಬೇಕೆಂದು ಸೀಟನ್ನು ಇಳಿಸಿಕೊಳ್ಳುತ್ತಾರೆ. ಏರು ಬಂದಾಗ ಮೊಣಕಾಲ ಮುಂಭಾಗ ನೋಯಲು ಶುರುವಾಗುವುದು ಅದರಿಂದಲೇ.

ರಸ್ತೆ ಮೊದಲಿಗೆ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ಏರಿಳಿತ. ಕೊನೆಯಲ್ಲಿ, ಗುಹೆಗಳು ಹತ್ತಿರವಾದಂತೆ, ನಿಜವಾದ ಏರು. ಗೇರ್ ಇದ್ದರೆ ಏರು ತಟ್ಟುವ ಮೊದಲೇ ಸಣ್ಣ ಗೇರಿಗೆ ಇಳಿಸಬೇಕು. ಅರ್ಧ ಹತ್ತಿ, ಪೆಡಲ್ ಮೇಲೆ ಇಡೀ ಮೈಭಾರ ಹಾಕಿರುವಾಗ ಬದಲಿಸಿದರೆ ಚೈನು ಕಳಚಿ ಬೀಳುತ್ತದೆ. ಗೇರ್ ಇಲ್ಲದ ಸೈಕಲ್ಲಾದರೆ ಇಳಿದು ತಳ್ಳು, ಅದರಲ್ಲೇನೂ ಅವಮಾನವಿಲ್ಲ.

ಜನ ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಮಳೆಗಾಲದಲ್ಲಿ ರಸ್ತೆಯಂಚಿಗೆ ಪಾಚಿ, ಅದರ ಮೇಲೆ ಕೊಳೆತ ಎಲೆ, ಎದುರಿಗೆ ಉದ್ಯಾನದ ಬಸ್ಸು, ನಡುವೆ ಕೋತಿ. ರಿಮ್ ಒದ್ದೆಯಾಗಿದ್ದಾಗ ಬ್ರೇಕ್ ಒತ್ತಿದ ಕೂಡಲೇ ಹಿಡಿಯುವುದಿಲ್ಲ, ಮೊದಲು ರಬ್ಬರು ನೀರನ್ನು ಒರೆಸಿ ತೆಗೆಯಬೇಕು. ಆದ್ದರಿಂದ ಆಗಾಗ ಮೆಲ್ಲಗೆ ತಾಗಿಸುತ್ತಾ ಇಳಿ. ವೇಗ ಕಡಿಮೆ ಮಾಡುವುದು ತಿರುವಿಗೆ ಮುಂಚೆ, ತಿರುವಿನೊಳಗೆ ಬ್ರೇಕ್ ಬೇಡ. ಒದ್ದೆ ಎಲೆಯ ಮೇಲೆ ವಾಲಿರುವಾಗ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಅಡ್ಡ ಜಾರಿ, ಮೊಣಕೈ ಸುಲಿಯುವುದು ಖಚಿತ. ಇಬ್ಬರ ನಡುವೆ ನಾಲ್ಕೈದು ಸೈಕಲ್ಲಿನಷ್ಟು ಅಂತರ ಇರಲಿ. ಕನ್ನಡದಲ್ಲಿ ಹರಟೆ ಹೊಡೆಯುತ್ತಾ ಅಕ್ಕಪಕ್ಕ ತುಳಿಯುವುದನ್ನು ಗೇಟಿನ ಹೊರಗೆ, ಇಡ್ಲಿ-ಕಾಫಿಯ ಹೊತ್ತಿಗೆ ಇಟ್ಟುಕೊಳ್ಳಿ.

ಗುಹೆಗಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ. ಸೈಕಲ್ಲಿಗೆ ಬೀಗ ಹಾಕು, ಹ್ಯಾಂಡಲ್‌ಗೆ ಚೀಲ ತೂಗುಹಾಕಿ ಹೋಗಬೇಡ. ಕೋತಿಗಳಿಗೆ ಜಿಪ್ ಎಳೆಯುವುದು ಗೊತ್ತು. ಅಡಿಯಲ್ಲಿ ಕ್ಲೀಟ್ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ತುಂಡು) ಇರುವ ಸೈಕಲ್ ಶೂ ಬಸಾಲ್ಟ್ ಮೆಟ್ಟಿಲ ಮೇಲೆ ಜಾರುತ್ತದೆ. ಹಿಡಿತವಿರುವ ಮಾಮೂಲಿ ಶೂ ಸಾಕು. ಕಲ್ಲಿನಲ್ಲಿ ಕೊರೆದ ಗುಹೆಗಳು ನೂರಕ್ಕೂ ಹೆಚ್ಚು, ಎಲ್ಲವನ್ನೂ ನೋಡುತ್ತೇನೆಂದು ಹಟ ಹಿಡಿಯಬೇಡ. 3ನೆಯ ಗುಹೆಯ ಚೈತ್ಯ (ಬೌದ್ಧರ ಪ್ರಾರ್ಥನಾ ಮಂದಿರ), ಅದರ ಜಗಲಿಯ ಎರಡು ತುದಿಗಳಲ್ಲಿ ನಿಂತ ಬೃಹತ್ ಬುದ್ಧರನ್ನು ನೋಡಿ ಮೇಲಕ್ಕೆ ಹತ್ತು. ಹತ್ತುವಾಗ ಕಣ್ಣು ನೆಲದ ಮೇಲಿರಲಿ: ಮಳೆನೀರನ್ನು ಗುಹೆಯ ಪಕ್ಕದ ತೊಟ್ಟಿಗೆ ತರಲು ಬಂಡೆಯಲ್ಲೇ ಕೊರೆದ ಕಾಲುವೆಗಳು ಕಾಣುತ್ತವೆ. ನನ್ನ ಮಟ್ಟಿಗೆ ಮೂರ್ತಿಗಳಿಗಿಂತ ಹೆಚ್ಚಿನ ಕೆಲಸಗಾರಿಕೆ ಅದರಲ್ಲಿದೆ. ಇನ್ನೊಂದು, ನಮ್ಮವರಿಗೆ ಹೇಳಲೇಬೇಕಾದ್ದು: ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಮಾನ್ಯಖೇಟದ ನೃಪತುಂಗನ ಹೆಸರು ಬೋರಿವಲಿಯ ಗುಡ್ಡದ ಮೇಲೆ!

ನಿಜವಾದ ಕಾಡುಹಾದಿ ಬೇಕೆಂದರೆ ಶಿಲೋಂಡಾ. ಹಳ್ಳದ ಜೊತೆಜೊತೆಗೇ ಸಾಗುವ ದಾರಿ, ಮೊದಲೇ ಅನುಮತಿ ತೆಗೆದುಕೊಂಡು ಹೋಗಬೇಕು. ಸ್ವಂತ ಗುಂಪು ಕಟ್ಟಿಕೊಂಡು ನುಗ್ಗಬೇಡ. ಮೇಲೆ ಗುಡ್ಡದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಏರುತ್ತದೆ. ನೀರು ಕೆಂಪಾಗಿ, ಕಡ್ಡಿ-ಕಸ ತೇಲಿಬರಲು ಶುರುವಾದರೆ ದಾಟುವ ಮಾತು ಬಿಟ್ಟು ಮೇಲಿನ ದಡಕ್ಕೆ ಹತ್ತಬೇಕು. ಕಾಲಲ್ಲಿ ಗಾಯವಿದ್ದರೆ ನೀರು ತಾಗದಂತೆ ಕಟ್ಟಿಕೊಳ್ಳಲಿ. ಮುಂಬೈ ಮಳೆಗಾಲದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ಒಳಹೊಕ್ಕುವುದು ಹೀಗೆಯೇ. ವಾರ ಹತ್ತು ದಿನದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ನೀರಿಗಿಳಿದಿದ್ದನ್ನು ಡಾಕ್ಟರಿಗೆ ಹೇಳಬೇಕು. ಏರಿನಲ್ಲಿ ಆಸರೆಗೆಂದು ಕಾರ್ವಿ ಪೊದೆಯನ್ನು ಹಿಡಿಯುವ ಅಭ್ಯಾಸವೂ ಅಪಾಯ. ಎಂಟು ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುವ ಗಿಡ ಅದು. 2024ರಲ್ಲಿ ಹೂಬಿಟ್ಟ ಮೇಲೆ ನಿಂತ ಒಣಕಡ್ಡಿ ನಿನ್ನ ಭಾರ ತಡೆಯುವುದಿಲ್ಲ.

ಚಿರತೆ ಇದೆ. ಹಗಲಲ್ಲಿ, ಗುಂಪಿನಲ್ಲಿ, ರಸ್ತೆ ಮೇಲಿದ್ದರೆ ಕಾಣಿಸುವುದೇ ಅಪರೂಪ. ಕಂಡರೆ ಓಡಬೇಡ, ಕುಕ್ಕರುಗಾಲಲ್ಲಿ ಕೂರಬೇಡ, ಕುಳಿತವನು ಅದರ ಕಣ್ಣಿಗೆ ಸಣ್ಣ ಪ್ರಾಣಿ. ಸೈಕಲ್ಲನ್ನು ನಡುವೆ ಹಿಡಿದು, ನೆಟ್ಟಗೆ ನಿಂತು, ಜೋರಾಗಿ ಮಾತಾಡುತ್ತಾ ನಿಧಾನ ಹಿಂದೆ ಸರಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಎಲ್ಲರ ಫೋನಿನಲ್ಲಿರಲಿ.

ನಿನ್ನ ಪಟ್ಟಿಯ ಗೋವಾದ ಮೊಲ್ಲೆಮ್ ಅನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು. ತಾಂಬ್ಡಿ ಸುರ್ಲದ ಕದಂಬರ ಕಾಲದ ಗುಡಿಯವರೆಗಿನ ರಸ್ತೆ ಸೈಕಲ್ಲಿಗೆ ಒಳ್ಳೆಯದು. ಅನಮೋಡ್ ಘಾಟಿ ಬೇಡ, ಲಾರಿಗಳ ಕಾಟ. ದೂಧ್‌ಸಾಗರ ಜಲಪಾತಕ್ಕೆ ಕ್ಯಾಸಲ್‌ರಾಕ್‌ನಿಂದ ಹಳಿಗುಂಟ ನಡೆಯೋಣ ಎಂದು ಯಾರಾದರೂ ಅಂದರೆ ಒಪ್ಪಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅತಿಕ್ರಮಣ, ಆರು ತಿಂಗಳವರೆಗೆ ಜೈಲು ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವೂ ಹೆಚ್ಚಿಲ್ಲ. ಬೇಸಿಗೆಯಲ್ಲಿ ಹೋದರೆ ಉಣುಗಿನ ಬಗ್ಗೆ ಎಚ್ಚರ: ಪಕ್ಕದ ಸತ್ತರಿ ತಾಲ್ಲೂಕಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡಿದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಎಲೆರಾಶಿಯ ಮೇಲೆ ಕೂರದಿದ್ದರೆ ಮುಕ್ಕಾಲು ಕಾಟ ತಪ್ಪುತ್ತದೆ.

ಮೊದಲ ಸಲಕ್ಕೆ ಎಂಟು ಜನ ಸಾಕು. ತಲಾ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಇರುತ್ತದೆ. ಒಆರ್‌ಎಸ್ ಪೊಟ್ಟಣ ನಾಲ್ಕು, ಬ್ಯಾಂಡೇಜು, ಸೈಕಲ್ ಬೋಲ್ಟ್ ಬಿಗಿಯಲು ಒಂದು ಅಲೆನ್ ಕೀ ಗೊಂಚಲು. ಉದ್ಯಾನ, ಗುಹೆ ಎರಡಕ್ಕೂ ಸೋಮವಾರ ರಜೆ, ಭಾನುವಾರ ಜಾತ್ರೆ. ಅವೆರಡು ಬಿಟ್ಟು ಒಂದು ದಿನ ಗೊತ್ತುಮಾಡಿ ತಿಳಿಸು.

ಇಂತಿ ನಿನ್ನ ಗೆಳೆಯ