ಕೊಪ್ಪಳದ ಹಿತ್ತಿಲಿಗೆ ಜೂನ್ ಅಲ್ಲ, ಕಾರ್ತಿಕವೇ ಸರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಬರುವ ಕೈತೋಟದ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುವವಳು ನಾನು. ಹೂಗಿಡ ನೆಡಲು, ಜಾಗ ಬದಲಿಸಲು ಜೂನ್ ತಿಂಗಳೇ ಸರಿ ಎಂದು ಅವುಗಳಲ್ಲಿ ಇರುತ್ತದೆ. ಆ ಮಾತು ಶಿರಸಿ, ತೀರ್ಥಹಳ್ಳಿಗೆ ಒಪ್ಪುತ್ತದೆ. ನಮ್ಮ ಕೊಪ್ಪಳಕ್ಕೆ ಒಪ್ಪುವುದಿಲ್ಲ.

ಇಲ್ಲಿ ಮೃಗಶಿರಾ ಮಳೆ ಒಂದು ಸಲ ಮುಖ ತೋರಿಸಿ ಹೋದರೆ ಆಮೇಲೆ ಎಷ್ಟೋ ದಿನ ಬರೀ ಗಾಳಿ. ನಮಗೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರಿನಲ್ಲಿ. ಉತ್ತರಿ, ಹಸ್ತ ಮಳೆ ಮುಗಿದ ಮೇಲೆ ಮಣ್ಣು ಆಳದವರೆಗೂ ಹಸಿ ಇರುತ್ತದೆ, ಬಿಸಿಲೂ ಇಳಿದಿರುತ್ತದೆ. ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಆ ಹಸಿಯ ಮೇಲೇ ಅಲ್ವಾ? ದೀಪಾವಳಿ ಆದ ಮೇಲೆ ನೆಟ್ಟರೆ ಮಾರ್ಚ್ ಬಿಸಿಲು ಬರುವಷ್ಟರಲ್ಲಿ ಗಿಡ ಬೇರು ಬಿಟ್ಟಿರುತ್ತದೆ. ಬೇಸಿಗೆಯಲ್ಲಿ ನೀರು ಹಾಕುವುದು ತಪ್ಪದು, ಅದು ಬೇರೆ ಮಾತು.

ನಮ್ಮ ಓಣಿಯಲ್ಲಿ ಈಗ ಹಳೇ ಮನೆ ಕೆಡವಿ ಕಟ್ಟಿಸುವವರು ಜಾಸ್ತಿ. ಅತ್ತೆ ಕಾಲದ ದುಂಡುಮಲ್ಲಿಗೆಯ ಬುಡ ಜೆಸಿಬಿ ಪಾಲಾಗುತ್ತದೆ. ಸುಮ್ನೆ ಬಿಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಹೇಗೂ ಸವರಬೇಕು. ಆಗಲೇ ಮೊಣಕಾಲೆತ್ತರ ಬಿಟ್ಟು ಕತ್ತರಿಸಿ, ಬುಡ ಸಮೇತ ಎತ್ತಬಹುದು. ನಮ್ಮದು ಎರೆ ಮಣ್ಣು. ಹಸಿ ಜಾಸ್ತಿ ಇದ್ದರೆ ಸಲಿಕೆಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ನೀರುಣಿಸಿ ಮೂರು ದಿನ ಬಿಟ್ಟು, ಮಣ್ಣು ಹಿಡಿದರೆ ಉಂಡೆಯಾಗಿ ಕೈಗೆ ಅಂಟದಿದ್ದರೆ ಅದೇ ಹದ. ಸುತ್ತ ಅಗೆದು, ಹೆಂಟೆ ಒಡೆಯದಂತೆ ಗೋಣಿಚೀಲದಲ್ಲಿ ಬಿಗಿದು ಎತ್ತಬೇಕು. ಸಂಜೆ ಹೊತ್ತು ನೆಡಬೇಕು. ಕತ್ತರಿಸಿದ ಕಡ್ಡಿಗಳನ್ನೂ ಎಸೆಯಬೇಡಿ. ಪೆನ್ಸಿಲ್ ದಪ್ಪದವನ್ನು ಆರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆರಳಲ್ಲಿ ಊರಿ. ದಾಸವಾಳ, ನಂದಬಟ್ಟಲಿಗೂ ಇದೇ ರೀತಿ. ಮಜ್ಜಿಗೆ ಹುಲ್ಲಿನ ಪೊದೆಯನ್ನಂತೂ ಸೀಳಿ ನೆಟ್ಟರೆ ಆಯಿತು.

ಗೂಟಿ ಕಟ್ಟುವ, ಅಂದರೆ ಗಿಡದಲ್ಲಿರುವ ಕೊಂಬೆಯ ತೊಗಟೆ ಸುಲಿದು ಒದ್ದೆ ಪಾಚಿ ಕಟ್ಟಿ ಅಲ್ಲೇ ಬೇರು ಬರಿಸುವ ಕಾಲ ಮಾತ್ರ ಈಗ ದಾಟಿದೆ, ಅದಕ್ಕೆ ಮಳೆಗಾಲದ ತೇವ ಬೇಕು. ಇದನ್ನು ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರಿಗೆ ನಾನು ಹೇಳಬೇಕಿಲ್ಲ.

ನನ್ನ ಬೇಡಿಕೆ ಇಷ್ಟೇ. ಕೈತೋಟದ ಲೇಖನ ಹಾಕುವಾಗ ಮಲೆನಾಡಿಗೆ ಯಾವ ತಿಂಗಳು, ನಮ್ಮ ಬಯಲುಸೀಮೆಗೆ ಯಾವ ತಿಂಗಳು ಎಂದು ಬೇರೆ ಬೇರೆ ಬರೆಸಿ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜೇ ಇದೆ, ಅಲ್ಲಿಯವರನ್ನು ಕೇಳಬಹುದು. ಜೂನ್ 5ಕ್ಕೆ ಸಸಿ ಹಂಚುವವರೂ ಮನೆಯಂಗಳದ ಹೂಗಿಡಗಳನ್ನಾದರೂ ದೀಪಾವಳಿ ಆದ ಮೇಲೆ ಕೊಡಲಿ. ಸದ್ಯಕ್ಕೆ ಈ ವಾರವೇ ಒಂದು ಮಾತು ಹಾಕಿದರೆ ಉಪಕಾರ: ಸೇವಂತಿಗೆ ಹೂ ಮುಗಿಯಿತೆಂದು ಕುಂಡವನ್ನು ತಿಪ್ಪೆಗೆ ಎಸೆಯಬೇಡಿ, ಕಾಂಡ ಕತ್ತರಿಸಿ ನೀರು ಹಾಕಿದರೆ ಬುಡದಲ್ಲಿ ಬರುವ ಮರಿಗಳೇ ಮುಂದಿನ ವರ್ಷದ ಗಿಡ.

ನಿಮ್ಮ ಓದುಗಳು,
ಭಾಗ್ಯನಗರ, ಕೊಪ್ಪಳ