ಸುತ್ತು ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಹೋದ ಭಾನುವಾರ ಸಂಜೆ ಬ್ಯಾಲಿಶ್ಯಾನನ್ ಕ್ರಾಸಿನಲ್ಲಿ ಕಾರು ನಿಲ್ಲಿಸಿದೆವು. ಐರ್ಲೆಂಡಿನ ಕಿಲ್ಡೇರ್ ಕಡೆ, ಹೊಲಗಳ ನಡುವಿನ ಒಂದು ಸಾಧಾರಣ ನಾಲ್ಕು ರಸ್ತೆ. ಇಳಿದು ಫೋಟೊ ತೆಗೆಯೋಣ ಅನ್ನುವಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ನಮಗೆ ಸಿಕ್ಕ ಸ್ವಾಗತ ಅಷ್ಟೇ. 1903ರ ಜುಲೈ 2ರಂದು ಗಾರ್ಡನ್ ಬೆನೆಟ್ ಕಪ್ ಕಾರು ರೇಸು ಹೊರಟಿದ್ದು ಇಲ್ಲಿಂದಲೇ. ಆ ದಾರಿಯಲ್ಲಿ ಹಳೇ ಕಾರಿನಲ್ಲಿ ಪೂರ್ತಿ ಒಂದು ಸುತ್ತು ಹಾಕಬೇಕು ಅನ್ನುವುದು ನನ್ನ ಮೂರು ವರ್ಷದ ಆಸೆ.

ನಡುವೆ ಒಂದು ರಾತ್ರಿ ಆಸ್ಪತ್ರೆ ಸೇರಿ ಆಪರೇಷನ್ ಆಗಿದ್ದು ನಿಮಗೆಲ್ಲ ಗೊತ್ತು. ಮತ್ತೆ ಆ ಕಥೆ ಬೇಡ. ಈಗ ಚೆನ್ನಾಗಿದ್ದೇನೆ. ಉಪ್ಪು ಕಮ್ಮಿ, ನಡಿಗೆ ಜಾಸ್ತಿ. ಉಪ್ಪಿನಕಾಯಿ ಬಾಟಲಿಯನ್ನು ದೂರದಿಂದ ನೋಡುತ್ತೇನೆ.

ಥ್ಯಾಂಕ್ಸ್ ಹೇಳಬೇಕಾದವರ ಪಟ್ಟಿ ದೊಡ್ಡದಿದೆ. ಎರಡು ವಾರ ಮನೆಯಲ್ಲಿ ಒಲೆ ಹಚ್ಚದಂತೆ ಸಾರು, ಪಲ್ಯ, ಚಪಾತಿ ತಂದಿಟ್ಟ ಡಬ್ಲಿನ್ನಿನ ಕನ್ನಡ ಗೆಳೆಯರು, ನನ್ನ ಶಿಫ್ಟುಗಳನ್ನು ಹಂಚಿಕೊಂಡ ಆಫೀಸಿನವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬಂದ ಎದುರು ಮನೆಯವರು, ಹಾಸನದಿಂದ ದಿನಾ ಫೋನ್ ಮಾಡಿ ಅಮ್ಮನನ್ನು ಸಮಾಧಾನ ಮಾಡಿದ ಅತ್ತಿಗೆ, ನಿಮಗೆಲ್ಲ ಕೈಮುಗಿಯುತ್ತೇನೆ. ನನ್ನಾಕೆಯ ಬಗ್ಗೆ ಇಲ್ಲಿ ಬರೆಯುವ ಹಾಗಿಲ್ಲ. "ನನ್ನ ಹೆಸರಿಗೊಂದು ಪ್ಯಾರಾ ಬರೆದರೆ ನೋಡು" ಅಂತ ಮೊದಲೇ ಹೇಳಿದ್ದಾಳೆ. ಬರುತ್ತೇನೆ ಅಂದು ಬಾರದವರೂ ಕೆಲವರಿದ್ದಾರೆ. ಅವರ ಬಗ್ಗೆಯೂ ಬರೆದಿದ್ದೆ, ಆಮೇಲೆ ಅಳಿಸಿದೆ.

ಉಳಿದದ್ದೆಲ್ಲ ಪಕ್ಕದ ಮನೆಯ ಅಜ್ಜನಿಗೆ.

ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ನಮ್ಮ ಮಕ್ಕಳು ಅವರನ್ನು "ಅಜ್ಜ" ಅಂತಲೇ ಕರೆಯುತ್ತಾರೆ. ಆ ಪದಕ್ಕೆ ಅರ್ಥವೇನು ಅಂತ ಒಮ್ಮೆ ಕೇಳಿ ತಿಳಿದುಕೊಂಡರು. ಆಮೇಲೆ ಬೇಲಿಯಾಚೆಯಿಂದ ಅಜ್ಜ ಅಂದರೆ ಸಾಕು, ತಿರುಗುತ್ತಾರೆ. ವಯಸ್ಸು 76. ನಲವತ್ತು ವರ್ಷ ಗ್ಯಾರೇಜ್ ನಡೆಸಿದವರು. ಈ ರೇಸಿನ ಹುಚ್ಚು ನನಗೆ ಹತ್ತಿದ್ದು ಅವರಿಂದಲೇ. ಅವರ ಅಟ್ಟದಲ್ಲಿ ಮೂರು ಬೂಟಿನ ಡಬ್ಬಿಗಳಿವೆ. ಹಳೇ ಪೋಸ್ಟ್‌ಕಾರ್ಡು, ಪೇಪರ್ ಕಟಿಂಗು, ರೇಸಿನ ದಾರಿಯ ನಕ್ಷೆ. ಯಾವ ತಿರುವನ್ನು ಆಮೇಲೆ ನೇರ ಮಾಡಿದರು, ಯಾವ ಕಲ್ಲಿನ ಗೋಡೆ 1903ರದ್ದೇ, ಯಾವುದು ಮೊನ್ನೆ ಮೊನ್ನೆ ಕಟ್ಟಿದ್ದು ಅಂತ ಕಣ್ಣುಮುಚ್ಚಿ ಹೇಳುತ್ತಾರೆ. ಇಂಥವರು ಈ ಕಡೆ ಹತ್ತಾರು ಜನ ಇದ್ದಾರೆ. ಸರಕಾರ ಸಂಬಳ ಕೊಡುವುದಿಲ್ಲ, ಹೆಂಡತಿಯರು ಬೈಯುತ್ತಾರೆ, ಆದರೂ ಬಿಡುವುದಿಲ್ಲ.

ಊರಿನವರಿಗೆ ಈ ರೇಸು ಯಾವುದು ಅಂತ ಗೊತ್ತಿರಲಿಕ್ಕಿಲ್ಲ. ಚಿಕ್ಕದಾಗಿ ಹೇಳುತ್ತೇನೆ. ಕಪ್ ಇಟ್ಟಿದ್ದು ಅಮೆರಿಕದ ಪತ್ರಿಕೆ ಮಾಲೀಕ ಜೇಮ್ಸ್ ಗಾರ್ಡನ್ ಬೆನೆಟ್. ಗೆದ್ದ ದೇಶದಲ್ಲೇ ಮುಂದಿನ ರೇಸು. 1902ರಲ್ಲಿ ಇಂಗ್ಲಿಷರ ಸೆಲ್ವಿನ್ ಎಡ್ಜ್ ನೇಪಿಯರ್ ಕಾರಿನಲ್ಲಿ ಗೆದ್ದುಬಿಟ್ಟ. ಆದರೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ರೇಸು ನಡೆಸಲು ಕಾನೂನು ಬಿಡುತ್ತಿರಲಿಲ್ಲ. ಅದಕ್ಕೆ ವಿಶೇಷ ಕಾಯ್ದೆ ಮಾಡಿ ಐರ್ಲೆಂಡಿಗೆ ತಂದರು. ಐರ್ಲೆಂಡಿಗೆ ಗೌರವ ಅಂತ ಇಂಗ್ಲಿಷರು ತಮ್ಮ ಕಾರುಗಳಿಗೆ ಹಸಿರು ಬಳಿದರು. ಮುಂದೆ ಅವರ ರೇಸ್ ಕಾರುಗಳಿಗೆಲ್ಲ ಆ ಹಸಿರೇ ಗುರುತಾಯಿತು. ಈ ರೇಸಿಗೆ ಬರೀ ಐದಾರು ವಾರ ಮೊದಲು ಪ್ಯಾರಿಸ್–ಮ್ಯಾಡ್ರಿಡ್ ರೇಸಿನಲ್ಲಿ ಮಾರ್ಸೆಲ್ ರೆನೊ ಸೇರಿ ಹಲವರು ಸತ್ತು, ಬೋರ್ಡೋದಲ್ಲೇ ರೇಸನ್ನು ನಿಲ್ಲಿಸಿದ್ದರು. ಹಾಗಾಗಿ ಇಲ್ಲಿ ದಾರಿ ಮುಚ್ಚಿ, ಪೊಲೀಸರನ್ನು ಸಾಲಾಗಿ ನಿಲ್ಲಿಸಿ, ಏಳೇಳು ನಿಮಿಷಕ್ಕೆ ಒಂದೊಂದು ಕಾರು ಬಿಟ್ಟರು. ಒಟ್ಟು ಹನ್ನೆರಡು ಕಾರು.

ಈಗ ಆ ರಾತ್ರಿಯ ವಿಷಯ.

ರಾತ್ರಿ ಒಂಬತ್ತಕ್ಕೆ ನನಗೆ ತಡೆಯಲಾಗಲಿಲ್ಲ. ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು ನನ್ನಾಕೆ ಬರುವ ಹಾಗಿರಲಿಲ್ಲ. ಈ ದೇಶದಲ್ಲಿ ನಮಗೆ ನೆಂಟರು ಅಂತ ಒಬ್ಬರೂ ಇಲ್ಲ. ಅಜ್ಜನ ಬಾಗಿಲು ತಟ್ಟಿದಳು. ಪೈಜಾಮದ ಮೇಲೇ ಕೋಟು ಹಾಕಿಕೊಂಡು ಬಂದರು, ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಎಮರ್ಜೆನ್ಸಿಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಕಾರಿಡಾರಿನಲ್ಲಿ ಒಂದು ಟ್ರಾಲಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಮಂಡಿನೋವಿನ ಮನುಷ್ಯ ಆ ಕುರ್ಚಿಯಲ್ಲಿ ಬೆಳಗಿನ ಜಾವದವರೆಗೆ ಕೂತಿದ್ದರು. "ನೀವು ಮನೆಗೆ ಹೋಗಿ" ಅಂತ ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲ ಕಿವಿ ಕೇಳಿಸದವರ ಹಾಗೆ ಮಾಡಿದರು.

ನನ್ನ ನಿದ್ದೆ ಹಾರಿಹೋಗಿತ್ತು. ಭಯ ಆಗುತ್ತಿದೆ ಅಂತ ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ. ಆಗ ಅವರು ರೇಸು ಶುರುಮಾಡಿದರು. ಬ್ಯಾಲಿಶ್ಯಾನನ್ ಕ್ರಾಸಿನಿಂದ ಹೊರಟು ಕಿಲ್‌ಕಲನ್. ಅಲ್ಲಿಂದ ಕರಾ ಬಯಲು, ಕಿಲ್ಡೇರ್, ಮೊನಾಸ್ಟರೆವಿನ್. ಆಮೇಲೆ ಈಗ ಪೋರ್ಟ್‌ಲೀಷ್ ಅನ್ನುವ ಮೇರಿಬರೋ, ಸ್ಟ್ರಾಡ್‌ಬಲ್ಲಿ, ಅಥಾಯ್. ಅದು ದೊಡ್ಡ ಕುಣಿಕೆ. ಕ್ಯಾಸಲ್‌ಡರ್ಮಟ್, ಕಾರ್ಲೋ, ಮತ್ತೆ ಅಥಾಯ್ ಸೇರಿದರೆ ಚಿಕ್ಕ ಕುಣಿಕೆ. ಇಂಗ್ಲಿಷಿನ ಎಂಟರ ಆಕಾರ. ಪ್ರತಿ ಊರಿಗೂ ಐದು ನಿಮಿಷ, ಅವಸರವಿಲ್ಲ.

ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿದ್ದ ಕಾರ್ಖಾನೆಗೆ ಜೂನಿನಲ್ಲಿ ಬೆಂಕಿ ಬಿದ್ದು, ರೇಸಿಗೆ ಅಂತ ಮಾಡಿದ್ದ 90 ಅಶ್ವಶಕ್ತಿಯ ಮರ್ಸಿಡಿಸ್‌ಗಳು ಸುಟ್ಟುಹೋದವು. ಮಾರಿದ್ದ 60 ಅಶ್ವಶಕ್ತಿಯ ಕಾರುಗಳನ್ನು ಗಿರಾಕಿಗಳಿಂದಲೇ ಸಾಲ ಕೇಳಿ ತಂದರು. ಅಮೆರಿಕದ ಸಾಹುಕಾರ ಡಿನ್ಸ್‌ಮೋರ್ ಕೊಟ್ಟ ಕಾರಿನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಕೂತ. ಕೆಂಪು ಗಡ್ಡ, ಅಡ್ಡಹೆಸರು ಕೆಂಪು ದೆವ್ವ. 1899ರಲ್ಲೇ ಎಲೆಕ್ಟ್ರಿಕ್ ಕಾರಿನಲ್ಲಿ ಗಂಟೆಗೆ 100 ಕಿ.ಮೀ. ದಾಟಿದವನು ಇವನೇ. ನಾವು ಎಲೆಕ್ಟ್ರಿಕ್ ಕಾರು ಹೊಸದು ಅಂದುಕೊಂಡಿದ್ದೇವೆ, ಅಲ್ವಾ? ಆ ಕಾಲದಲ್ಲಿ ಡ್ರೈವರ್ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಕೈಯಿಂದ ಎಣ್ಣೆ ಪಂಪ್ ಮಾಡುವುದು, ಹಿಂದೆ ಯಾರು ಬಂದರು ನೋಡುವುದು, ಟೈರು ಹೋದರೆ ಇಳಿಯುವುದು. ಹೆಸರು ಮಾತ್ರ ಡ್ರೈವರಿಗೆ.

ಅಷ್ಟರಲ್ಲಿ ನರ್ಸ್ ಬಂದರು. "ಇವರು ನಿಮಗೆ ಏನಾಗಬೇಕು?" ಅಂತ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜ, "ಮೆಕ್ಯಾನಿಕ್" ಅಂದರು.

ಮೂರು ಗಂಟೆಗೆ ಡಾಕ್ಟರು ಬಂದು ಹೇಳಬೇಕಾದ್ದು ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆಗ ನಾನು ಅತ್ತೆ. ಸುಮ್ನೆ ಕಣ್ಣಲ್ಲಿ ನೀರು ಬರುವುದಲ್ಲ, ಬಿಕ್ಕಿಬಿಕ್ಕಿ. ಚಿಕ್ಕವನಿಗೆ ಇನ್ನೂ ಬೂಟಿನ ಲೇಸು ಕಟ್ಟಲು ಬರುವುದಿಲ್ಲ, ಅದನ್ನು ಕಲಿಸಿಲ್ಲ ಅನ್ನುವುದೊಂದೇ ತಲೆಯಲ್ಲಿ. ಕನ್ನಡದಲ್ಲೇ ಏನೇನೋ ಅಂದೆ. ಅವರಿಗೆ ಏನು ಅರ್ಥವಾಯಿತೋ. ಕೈ ಹಿಡಿದುಕೊಂಡರು. ಗ್ರೀಸು ಹತ್ತಿ ಹತ್ತಿ ಗಟ್ಟಿಯಾದ ಕೈ. "ಎಲ್ಲ ಸರಿಹೋಗುತ್ತೆ" ಅಂತ ಒಂದು ಸಲವೂ ಅನ್ನಲಿಲ್ಲ. ಅದಕ್ಕೇ ಅವರನ್ನು ನಂಬಿದೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಇಂಗ್ಲಿಷರ ತಂಡದ ಡ್ರೈವರ್ ಚಾರ್ಲ್ಸ್ ಜ್ಯಾರಟ್ ಕಥೆ ಹೇಳಿದರು. ಸ್ಟ್ರಾಡ್‌ಬಲ್ಲಿ ಹತ್ತಿರ ಸ್ಟೀರಿಂಗ್ ಕೈಕೊಟ್ಟು ಅವನ ಕಾರು ಪಲ್ಟಿಯಾಯಿತು. ಹಿಂದಿನಿಂದ ಎದುರಾಳಿ ತಂಡದ ಬ್ಯಾರನ್ ದ ಕ್ಯಾಟರ್ಸ್ ಬಂದ. ನಿಲ್ಲಿಸಬೇಕಾಗಿರಲಿಲ್ಲ, ಆದರೂ ನಿಲ್ಲಿಸಿ ವಿಚಾರಿಸಿದ. ಮುಂದೆ ಹೋಗಿ ಪ್ರೇಕ್ಷಕರ ಸ್ಟ್ಯಾಂಡಿನ ಎದುರು ಮತ್ತೆ ನಿಲ್ಲಿಸಿ, ಜ್ಯಾರಟ್ ಬದುಕಿದ್ದಾನೆ ಅಂತ ಅವನ ಕಡೆಯವರಿಗೆ ಹೇಳಿ ಹೋದ. ಅಜ್ಜನ ಪಾಲಿಗೆ ಆ ರೇಸಿನ ಹೀರೋ ಬ್ಯಾರನ್ನೇ. ಜೆನಾಟ್ಸಿ ಗೆದ್ದ ಅಷ್ಟೇ, ಅನ್ನುತ್ತಾರೆ.

ಇನ್ನೊಂದು ನಿಯಮ ಇತ್ತು. ಊರು ಬಂದಾಗ ಕಾರುಗಳು ಓಡುವ ಹಾಗಿಲ್ಲ. ಊರಿನ ಈ ತುದಿಯಿಂದ ಆ ತುದಿವರೆಗೆ ಮುಂದೆ ಒಬ್ಬ ಸೈಕಲ್ ತುಳಿಯುತ್ತಿದ್ದ, ಅವನ ಹಿಂದೆ ನಿಧಾನಕ್ಕೆ ಹೋಗಬೇಕು. ಅದಕ್ಕೆ ಕಂಟ್ರೋಲ್ ಅನ್ನುತ್ತಿದ್ದರು. ಆ ಹೊತ್ತು ರೇಸಿನ ಲೆಕ್ಕಕ್ಕಿಲ್ಲ. ಜೆನಾಟ್ಸಿಯ 6 ಗಂಟೆ 39 ನಿಮಿಷದಲ್ಲಿ ಅದು ಸೇರಿಲ್ಲ.

ಐದೂಮುಕ್ಕಾಲಿಗೆ ನನ್ನ ಟ್ರಾಲಿಯನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೊರಟರು. ದಾರಿ ಬಿಡಿಸಲು ನರ್ಸೊಬ್ಬರು ಮುಂದೆ ನಡೆಯುತ್ತಿದ್ದರು. ಅಜ್ಜ ಬಾಗಿ, "ಸೈಕಲ್‌ನವನು ಬಂದ, ನೋಡು" ಅಂದರು. ನಕ್ಕುಕೊಂಡೇ ಒಳಗೆ ಹೋದೆ.

ಮಿಕ್ಕಿದ್ದನ್ನು ಬೇಗ ಮುಗಿಸುತ್ತೇನೆ. ಅಜ್ಜ ತಮ್ಮ ಹಳೇ ಕಾರನ್ನು ಎಷ್ಟೋ ವರ್ಷದ ಹಿಂದೆಯೇ ಮಾರಿದ್ದರು. ಕಾರ್ಲೋದಲ್ಲಿರುವ ಅವರ ಗೆಳತಿಯೊಬ್ಬರು ತಮ್ಮ ಆಸ್ಟಿನ್ ಸೆವೆನ್ ಕೊಟ್ಟರು. ಅವರಿಗೂ ಥ್ಯಾಂಕ್ಸ್. 1903ಕ್ಕೆ ಹುಟ್ಟಿಯೇ ಇರದ ಮಾಡೆಲ್ ಅದು, ಬೆಂಕಿಪೊಟ್ಟಣದಷ್ಟು ಕಾರು. ಆದರೆ ಸಾಲದ ಕಾರಿನಲ್ಲೇ ಓಡಿಸಬೇಕು, ಅದೇ ಸಂಪ್ರದಾಯ ಅಂತ ಅಜ್ಜನ ವಾದ. ಅವರು ಡ್ರೈವರ್. ಈ ಸಲ ನಾನು ಮೆಕ್ಯಾನಿಕ್. ಎರಡೂ ಕುಣಿಕೆ ಸೇರಿ 90 ಮೈಲಿಗೂ ಸ್ವಲ್ಪ ಜಾಸ್ತಿ. ಆರ್ಡ್‌ಸ್ಕಲ್ ದಿಬ್ಬದ ಹತ್ತಿರ ರೇಸಿನ ನೆನಪಿಗೆ ಇಟ್ಟಿರುವ ಕಲ್ಲಿನ ಮುಂದೆ ನಿಂತು ಚಿತ್ರಾನ್ನ ತಿಂದೆವು. ಅಜ್ಜ ಹಸಿಮೆಣಸಿನಕಾಯಿಗಳನ್ನು ಆರಿಸಿ ನನ್ನ ತಟ್ಟೆಗೆ ಹಾಕಿದರು. ಸ್ಟ್ರಾಡ್‌ಬಲ್ಲಿ ದಾಟುವಾಗ ಇಬ್ಬರೂ ಮಾತಾಡಲಿಲ್ಲ.

ಊರು ಬಂದಾಗಲೆಲ್ಲ ಅವರು ಕಾರು ನಿಧಾನ ಮಾಡಿ, ಗಡಿಯಾರ ನೋಡಿ, ಜೇಬಿನ ಡೈರಿಯಲ್ಲಿ ಬರೆಯಲು ನನಗೆ ಹೇಳುತ್ತಿದ್ದರು. ಬ್ಯಾಲಿಶ್ಯಾನನ್‌ನಲ್ಲಿ ಟ್ರ್ಯಾಕ್ಟರನ್ನು ಮುಂದೆ ಬಿಟ್ಟು, ಬಾನೆಟ್ ಮೇಲೆ ಡೈರಿ ಇಟ್ಟುಕೊಂಡು ಕೂಡಿ ಕಳೆದರು. ಊರುಗಳು, ಚಹಾ, ಚಿತ್ರಾನ್ನ, ನನ್ನ ಮಾತ್ರೆಯ ಹೊತ್ತು, ಎಲ್ಲ ಕಳೆದು 4 ಗಂಟೆ 20 ನಿಮಿಷ. ಅದರ ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಶನಿವಾರ ಕಾರು ವಾಪಸ್ ಕೊಡಬೇಕು. ತೊಳೆಯುವ ಕೆಲಸ ಮೆಕ್ಯಾನಿಕ್‌ದು ಅಂತೆ.